ಅಳತೆಗೆ ಸರಿಯಾದ ಅಪರಾಧ

ಬೀದಿಯವರೆಲ್ಲ ಗಾಜಿನಣ್ಣ ಎಂದು ಕರೆಯುವ ಆ ಮನುಷ್ಯ ಕಿಟಕಿ ಬಾಗಿಲುಗಳಿಗೆ ಗಾಜು ಕೂರಿಸುವವನು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಮಾಸಿದ ಪರದೆ. ಕಂಬಳಿ ಹಾಸಿದ ಉದ್ದನೆಯ ಮೇಜಿನ ಮೇಲೆ ಗಾಜು ಮಲಗಿಸಿ, ಕೊಯ್ಯುವ ಉಳಿಯನ್ನು ಒಂದೇ ಸಲ ಎಳೆದು, ಅಡಿಯಿಂದ ಮೆಲ್ಲಗೆ ತಟ್ಟಿದನೆಂದರೆ ಗಾಜು ಹೇಳಿದ ಮಾತು ಕೇಳುತ್ತಿತ್ತು. ಅವನ ಮಾತು ಕೇಳುತ್ತಿದ್ದುದು ಗಾಜೊಂದೇ ಎಂದು ಹೆಂಡತಿ ಹೇಳುವುದುಂಟು. ದಿನವೂ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ದೇಶ ಹೇಗೆ ನಡೆಯಬೇಕೆಂಬುದನ್ನು ಗಿರಾಕಿಗಳಿಗೆ ಗಾಜಿನ ಜೊತೆ ಪುಕ್ಕಟೆಯಾಗಿ ಕಟ್ಟಿಕೊಡುವುದು ಅವನ ಅಭ್ಯಾಸ.

ಒಂದು ವರ್ಷ ಊರಿನಲ್ಲಿ ದೊಡ್ಡ ಗಲಾಟೆಯಾಯಿತು. ಯಾರಿಗೆ ಯಾರ ಮೇಲೆ ಸಿಟ್ಟಿತ್ತೋ, ಏಟು ತಿಂದದ್ದು ಮಾತ್ರ ಬಸ್ಸುಗಳು ಮತ್ತು ಕಚೇರಿಗಳ ಕಿಟಕಿಗಳು. ಸರ್ಕಾರ ಕೆರಳಿತು. ಗಲಾಟೆ ಮಾಡಿಸಿದವರು ಯಾರೆಂದು ಹುಡುಕುವುದಕ್ಕಿಂತ ಕಾಯ್ದೆ ಮಾಡುವುದು ಸುಲಭವಾದ್ದರಿಂದ ಕಾಯ್ದೆಯನ್ನೇ ಮಾಡಿತು. ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದವರಿಗೆ ಕನಿಷ್ಠ ಒಂದು ವರ್ಷ ಜೈಲು. ಜಾಮೀನಿಲ್ಲ, ದಂಡ ಕಟ್ಟಿ ಬಿಡಿಸಿಕೊಳ್ಳುವ ದಾರಿಯಿಲ್ಲ. ನ್ಯಾಯಾಧೀಶರಿಗೆ ಕನಿಕರ ಬಂದರೆ ಅದನ್ನು ಮನೆಗೆ ಒಯ್ಯಬಹುದೇ ಹೊರತು ತೀರ್ಪಿನಲ್ಲಿ ಬಳಸುವಂತಿಲ್ಲ.

ಗಾಜಿನಣ್ಣನಿಗೆ ಇದು ಬಹಳ ಹಿಡಿಸಿತು.

"ಒಂದೇ ವರ್ಷಾನಾ? ಏನೇನೂ ಸಾಲದು. ಇಂಥೋರನ್ನ ಒಳಗೆ ಹಾಕಿ ಬೀಗದ ಕೈ ಬಾವಿಗೆ ಎಸೀಬೇಕು" ಎಂದು ಪತ್ರಿಕೆ ಮಡಿಸಿದ.

ಪರದೆಯ ಹಿಂದಿನಿಂದ ಹೆಂಡತಿ, "ಅವರು ಒಡೆದಿದ್ದಕ್ಕೇ ರೀ ಈ ತಿಂಗಳು ನಮ್ಮನೆ ಒಲೆ ಉರೀತಿರೋದು. ಬೈಯೋದಾದ್ರೆ ಸ್ವಲ್ಪ ಮೆತ್ತಗೆ ಬೈಯಿರಿ" ಎಂದಳು.

ಮಾರನೇ ವರ್ಷ ಅಂಗಡಿಯ ಮುಂದಿನ ಚರಂಡಿ ಕಟ್ಟಿಕೊಂಡಿತು. ಕೊಳಕು ನೀರು ಹೊಸ್ತಿಲಿಗೆ ಬಂದು ನಿಂತಿತು. ಗಿರಾಕಿಗಳು ಮೂಗು ಮುಚ್ಚಿಕೊಂಡೇ ಅಳತೆ ಹೇಳಿ ಓಡತೊಡಗಿದರು. ಗಾಜಿನಣ್ಣ ನಗರಸಭೆಯ ಕಚೇರಿಗೆ ಅಲೆಯತೊಡಗಿದ.

ಆ ಕಚೇರಿಯಲ್ಲಿ ಜನಕ್ಕೂ ಗುಮಾಸ್ತನಿಗೂ ನಡುವೆ ಒಂದು ಗಾಜಿನ ಗೋಡೆ. ಅದರಲ್ಲಿ ಮಾತಾಡುವುದಕ್ಕೆ ಅರ್ಧಚಂದ್ರದಂಥ ಒಂದು ಕಂಡಿ, ಅದೂ ನಿಂತವರ ಸೊಂಟದ ಮಟ್ಟಕ್ಕೆ. ಆ ಗಾಜನ್ನು ಹಿಂದೊಮ್ಮೆ ಕೂರಿಸಿದವನು ಗಾಜಿನಣ್ಣನೇ. ಕಂಡಿ ಇಷ್ಟು ಕೆಳಗೆ ಯಾಕೆ ಸಾರ್ ಎಂದು ಕೇಳಿದ್ದಕ್ಕೆ ಆಗಿನ ಅಧಿಕಾರಿ, "ನೆಟ್ಟಗೆ ನಿಂತೋರು ಜೋರಾಗಿ ಮಾತಾಡ್ತಾರೆ, ಬಗ್ಗಿದೋರು ಮೆತ್ತಗೆ ಮಾತಾಡ್ತಾರೆ" ಎಂದಿದ್ದರು. ತಲೆಯೆಂದರೆ ಇದು ಎಂದು ಅವನು ಆಗ ಬೀದಿಯಲ್ಲೆಲ್ಲ ಹೊಗಳಿಕೊಂಡು ಓಡಾಡಿದ್ದ. ಈಗ ಬಗ್ಗುವ ಸರದಿ ಅವನದಾಗಿತ್ತು.

"ಏನು?" ಎಂದ ಒಳಗಿನ ಗುಮಾಸ್ತ.

"ಅದೇ ಸಾರ್, ಚರಂಡಿ."

"ಸಾಹೇಬರು ಸೀಟಲ್ಲಿಲ್ಲ."

"ಯಾವಾಗ ಬರ್ತಾರೆ?"

"ಕೇಳಿಸ್ತಿಲ್ಲ. ಬಗ್ಗಿ ಮಾತಾಡ್ರೀ."

"ಬಗ್ಗೇ ಇದೀನಿ ಸಾರ್."

"ಇನ್ನೂ ಸ್ವಲ್ಪ ಬಗ್ಗಿ."

ಅವನು ಇನ್ನೂ ಸ್ವಲ್ಪ ಬಗ್ಗುವಷ್ಟರಲ್ಲಿ ಊಟದ ಹೊತ್ತಾಯಿತು. ಗುಮಾಸ್ತ ಎದ್ದು ಹೋದ. ಊಟಕ್ಕೆ ಹೋದವರು ಸಂಜೆಯ ಚಹಾ ಕುಡಿದೇ ಬರುವುದು ಅಲ್ಲಿನ ವಾಡಿಕೆ. ಸಾಲಿನಲ್ಲಿ ಗಾಜಿನಣ್ಣನ ಹಿಂದೆ ಊರುಗೋಲು ಹಿಡಿದ ಒಬ್ಬ ಮುದುಕಿ ನಿಂತಿದ್ದಳು.

"ನನಗೆ ಬಗ್ಗೋಕಾಗಲ್ಲ ಕಣಪ್ಪ. ಹೆಂಗೂ ಬಗ್ಗಿದೀಯ, ನನ್ನ ಮಾತೂ ನೀನೇ ಹೇಳ್ಬಿಡು" ಎಂದಳು.

ಅವನು ಸೊಂಟ ಹಿಡಿದುಕೊಂಡು ನೆಟ್ಟಗಾದ. ಅಜ್ಜಿಯನ್ನು ನೋಡಿದ, ಕಂಡಿಯನ್ನು ನೋಡಿದ. ಬೇರೆ ಕಡೆ ಕೆಲಸಕ್ಕೆಂದು ಹೊರಟವನಾದ್ದರಿಂದ ಸಲಕರಣೆಗಳ ಚೀಲ ಹೆಗಲಲ್ಲೇ ಇತ್ತು.

"ಅಜ್ಜಿ, ಸ್ವಲ್ಪ ಇಲ್ಲಿ ಬಂದು ನಿಂತ್ಕೊಳ್ಳಿ" ಎಂದ.

ಅಜ್ಜಿಯ ಬಾಯಿಯ ಮಟ್ಟಕ್ಕೆ ಗಾಜಿನ ಮೇಲೆ ಒಂದು ಗುರುತು ಹಾಕಿದ. ಸಾಲಿನಲ್ಲಿದ್ದ ಎಲ್ಲರಿಗಿಂತ ಎತ್ತರದವನನ್ನು ಕರೆದು ಇನ್ನೊಂದು ಗುರುತು ಹಾಕಿದ. ಎರಡರ ನಡುವೆ ಕೈವಾರವಿಟ್ಟು ದುಂಡಗೆ ಉಳಿ ಆಡಿಸಿದ. ಕಚೇರಿಯವರು ಅಗ್ಗದ ಗಾಜನ್ನೇ ಆರಿಸಿಕೊಂಡಿದ್ದರಿಂದ ಅದು ಬೆಣ್ಣೆಯಂತೆ ಒಪ್ಪಿಕೊಂಡಿತು. ಚೂರುಗಳನ್ನು ಒಂದೊಂದಾಗಿ ಬಿಡಿಸಿ, ಯಾರ ಕೈಗೂ ಚುಚ್ಚದಿರಲೆಂದು ಪತ್ರಿಕೆಯಲ್ಲಿ ಸುತ್ತಿಟ್ಟ. ತೂತಿನ ಅಂಚನ್ನು ಉಜ್ಜಿ ನುಣ್ಣಗೆ ಮಾಡಿದ. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಗುಮಾಸ್ತ ಬಾಯಿ ಒರೆಸಿಕೊಳ್ಳುತ್ತ ಬಂದು ಕೂತಾಗ ಎದುರಿಗೆ ಗಾಜಿನಣ್ಣನ ಇಡೀ ಮುಖ.

"ಈಗ ಕೇಳಿಸ್ತಿದೆಯಾ ಸಾರ್? ಚರಂಡಿ" ಎಂದ ಗಾಜಿನಣ್ಣ.

ಚೆನ್ನಾಗಿಯೇ ಕೇಳಿಸಿರಬೇಕು. ಚರಂಡಿಗೆ ಬಾರದ ನಗರಸಭೆಯವರು ಫೋನು ಮಾಡಿದ ಕೂಡಲೇ ಪೊಲೀಸರು ಬಂದರು.

ವಿಚಾರಣೆಯಲ್ಲಿ ಸಂಶಯಕ್ಕೆ ಎಡೆಯೇ ಇರಲಿಲ್ಲ. ಸರ್ಕಾರದ ಪರ ಸಾಕ್ಷಿಯಾಗಿ ಬಂದ ಅಜ್ಜಿ, "ಹೌದು ಸ್ವಾಮಿ, ಇವನೇ ಮಾಡಿದ್ದು. ಅವನ ಹೊಟ್ಟೆ ತಣ್ಣಗಿರಲಿ" ಎಂದು ಹೇಳಿ ಅವನ ಕೇಸನ್ನು ನೆಲಸಮ ಮಾಡಿ ಹೋದಳು. ಹೆಂಡತಿ ಎದ್ದು ನಿಂತು, "ಹೊಸ ಗಾಜು ನಾವೇ ಹಾಕಿಕೊಡ್ತೀವಿ ಸ್ವಾಮಿ, ಇನ್ನೂ ಒಳ್ಳೇದು ಹಾಕ್ತೀವಿ" ಎಂದಳು.

ನ್ಯಾಯಾಧೀಶರು ಕನ್ನಡಕ ತೆಗೆದರು. "ನನಗೂ ಅದೇ ಸರಿ ಅನ್ಸುತ್ತಮ್ಮ. ಆದ್ರೆ ಈ ಕಾಯ್ದೆ ನನ್ನ ಕೈ ಕಟ್ಟಿಹಾಕಿದೆ" ಎಂದರು. ಕಟ್ಟಿದ್ದು ಅವರ ಕೈಯನ್ನು, ಕೋಳ ಬಿದ್ದದ್ದು ಗಾಜಿನಣ್ಣನ ಕೈಗೆ. ಒಂದು ವರ್ಷ. ಮೇಲ್ಮನವಿ ಹಾಕಬಹುದು, ಅದು ತೀರುವವರೆಗೂ ಒಳಗೇ ಇರಬೇಕು. ತೂತುಬಿದ್ದ ಗಾಜು ಸಾಕ್ಷ್ಯವಾದ್ದರಿಂದ ಮೇಲ್ಮನವಿ ಮುಗಿಯುವ ತನಕ ಅದನ್ನು ಯಾರೂ ಮುಟ್ಟಕೂಡದೆಂದೂ ಆದೇಶವಾಯಿತು. ಹೀಗೆ ನಗರಸಭೆಯಲ್ಲಿ ಜನ ನ್ಯಾಯಾಲಯದ ಅಪ್ಪಣೆಯ ಮೇರೆಗೆ ನೆಟ್ಟಗೆ ನಿಂತು ಮಾತಾಡತೊಡಗಿದರು. ಉತ್ತರ ಮಾತ್ರ ಹಳೆಯದೇ ಸಿಗುತ್ತಿತ್ತು.

ಮನೆಯಲ್ಲಿ ಉಳಿದವರು ಹೆಂಡತಿ ಮತ್ತು ಗಾಜಿನಣ್ಣನ ತಾಯಿ. ಅಂಗಡಿಗೆ ಬೀಗ ಹಾಕಿ ತವರಿಗೆ ಹೋಗೆಂದು ಬಂಧುಗಳು ಬುದ್ಧಿ ಹೇಳಿದರು. ಬುದ್ಧಿ ಹೇಳಿದವರ್‍ಯಾರೂ ಅವಳನ್ನು ಕಳಿಸುವುದಕ್ಕೆ ಗಾಡಿಯನ್ನು ಕರೆದಿರಲಿಲ್ಲ. ಅತ್ತೆ ಪರದೆ ಸರಿಸಿ, ಮೊಣಕಾಲು ಹಿಡಿದುಕೊಂಡು ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತಳು. ಅವಳ ಗಂಡನೂ ಇದೇ ಮೇಜಿನ ಮೇಲೆ ಗಾಜು ಕೊಯ್ದವನು. ಇಷ್ಟು ಕಾಲ ನೋಡಿದ್ದೆಲ್ಲ ಅವಳ ನಾಲಿಗೆ ತುದಿಯಲ್ಲಿತ್ತು.

"ಉಳೀನ ಹಂಗೆ ಹಿಡೀಬೇಡ ಕಣೇ, ಸೌಟಲ್ಲ ಅದು. ಉಸಿರು ಬಿಗಿಹಿಡಿ. ಈಗ ಎಳಿ. ನಿಲ್ಲಿಸ್ಬೇಡ!"

ಗಾಜು ಅಡ್ಡಾದಿಡ್ಡಿ ಸೀಳಿತು.

"ನಿಲ್ಲಿಸ್ಬಿಟ್ಟೆ ನೋಡು."

"ನೀವು ಕೂಗಿದ್ರಲ್ಲ ಅತ್ತೆ, ಬೆಚ್ಚಿಬಿದ್ದೆ."

"ಹಂಗಾದ್ರೆ ನಾಳೆಯಿಂದ ನನ್ನ ಕೂಗಿಗೂ ಅಭ್ಯಾಸ ಮಾಡ್ಕೋ."

ಮೊದಲ ವಾರ ಒಡೆದ ಗಾಜಿನ ಲೆಕ್ಕ ಬೇಡ. ಸದ್ಯ, ಅದು ಸಾರ್ವಜನಿಕ ಆಸ್ತಿಯಾಗಿರಲಿಲ್ಲ. ಆಮೇಲೆ ಸೊಸೆಯ ಕೈ ಕುದುರಿತು. ಹೆಂಗಸು ಏಣಿ ಹತ್ತುವುದೇನು ಎಂದು ಮೂಗು ಮುರಿದವರೇ ಬೆಳಕು ಬೇಕಾದಾಗ ಬಂದು "ಅಕ್ಕ, ನಮ್ಮನೆಗೂ ಒಂದು ಕಿಟಕಿ" ಎಂದರು.

ಹೀಗಿರುವಾಗ ಅದೇ ಊರಿನಲ್ಲಿದ್ದ ರಾಜ್ಯದ ಶಾಸನಸಭೆಯಲ್ಲಿ ಯಾವುದೋ ಮಾತಿಗೆ ಮಾತು ಬೆಳೆಯಿತು. ಸದಸ್ಯರು ಮೈಕು ಕಿತ್ತರು, ಕುರ್ಚಿ ಎಸೆದರು, ಪ್ರೇಕ್ಷಕರ ಗ್ಯಾಲರಿಯ ಗಾಜಿನ ತಡೆಯನ್ನು ಪುಡಿಪುಡಿ ಮಾಡಿದರು. ಟೀವಿಯವರು ಅದನ್ನು ದಿನವಿಡೀ ತೋರಿಸಿದರು. ಆಗ ಯಾರೋ ಒಬ್ಬ ವಕೀಲ, ಇದೂ ಸಾರ್ವಜನಿಕ ಆಸ್ತಿಯಲ್ಲವೇ, ಕನಿಷ್ಠ ಒಂದು ವರ್ಷವಲ್ಲವೇ, ಜೈಲಿಗೆ ಹೋದವರು ಚುನಾವಣೆಗೆ ನಿಲ್ಲುವಂತಿಲ್ಲವಲ್ಲವೇ ಎಂದು ಕೇಳಿಬಿಟ್ಟ. ಬೆಳಿಗ್ಗೆ ಒಬ್ಬರ ಮೇಲೊಬ್ಬರು ಕುರ್ಚಿ ಎಸೆದಿದ್ದವರು ಸಂಜೆಯೊಳಗೆ ಒಗ್ಗಟ್ಟಾದರು. ಶಿಕ್ಷೆ ಅಮಾನವೀಯವಾಗಿದೆ, ನ್ಯಾಯಾಧೀಶರ ವಿವೇಚನೆಯನ್ನು ಕಸಿದುಕೊಳ್ಳುವುದು ತರವಲ್ಲ ಎಂದು ಅದೇ ಕಾಯ್ದೆ ಮಾಡಿದವರೇ ಗದ್ಗದಿತರಾಗಿ ಮಾತಾಡಿದರು. ಒಂದೂ ವಿರೋಧವಿಲ್ಲದೆ ತಿದ್ದುಪಡಿಯಾಯಿತು. ಹಾನಿ ಮಾಡಿದವನು 'ಭಾವಾವೇಶಕ್ಕೆ ಒಳಗಾಗಿ' ಮಾಡಿದ್ದರೆ ನ್ಯಾಯಾಲಯ ಸಣ್ಣ ದಂಡ ಹಾಕಿ ಬಿಟ್ಟುಬಿಡಬಹುದು. ಇನ್ನೂ ತೀರ್ಮಾನವಾಗದ ಮೇಲ್ಮನವಿಗಳಿಗೂ ಇದು ಅನ್ವಯ.

ಗಾಜಿನಣ್ಣನ ಪರವಾಗಿ ಮೇಲ್ಮನವಿ ಹಾಕಿದ್ದ ವಕೀಲರು ಜೈಲಿಗೆ ಓಡಿ ಬಂದರು. ಗಾಜಿನಣ್ಣ ಅಲ್ಲಿ ಬ್ಯಾರಕ್ಕಿನ ಕಿಟಕಿಗಳನ್ನು ದುರಸ್ತಿ ಮಾಡುತ್ತಿದ್ದ.

"ನಿನ್ನ ಅದೃಷ್ಟ ಖುಲಾಯಿಸ್ತು ಕಣಯ್ಯ. ನಿನಗೆ ಭಾವಾವೇಶ ಆಗಿತ್ತು ಅಂದ್ಬಿಟ್ರೆ ಸಾಕು, ಮನೆಗೆ ಹೋಗ್ಬಹುದು."

"ಏನಾಗಿತ್ತು?"

"ಭಾವಾವೇಶ. ತಲೆ ಕೆಟ್ಟು, ಮೈಮೇಲೆ ಪ್ರಜ್ಞೆ ಇಲ್ದೆ ಮಾಡ್ಬಿಟ್ಟೆ ಅನ್ನಬೇಕು."

ಗಾಜಿನಣ್ಣ ಕೈಯಲ್ಲಿದ್ದ ಗಾಜನ್ನು ಕೆಳಗಿಟ್ಟ. "ಸಾರ್, ಹಂಗೆ ಮಾಡಿದ್ರೆ ಅಷ್ಟು ದುಂಡಗೆ ಬರಲ್ಲ."

"ಅದೇ ಕಣಯ್ಯ ನಿನ್ನ ತೊಂದರೆ!" ವಕೀಲರು ಹಣೆ ಚಚ್ಚಿಕೊಂಡರು. "ಒಂದು ಕಲ್ಲು ತಗೊಂಡು ಬೀಸಿ ಹೊಡೆದಿದ್ರೆ ಇವತ್ತೇ ಬಿಡಿಸ್ತಿದ್ದೆ. ಅಳತೆ ತಗೊಂಡಿದೀಯ, ಅಂಚು ಉಜ್ಜಿದೀಯ. ಯಾರು ನಂಬ್ತಾರೆ? ಹೋಗಲಿ, ಕೋರ್ಟಲ್ಲಿ ಸ್ವಲ್ಪ ಅತ್ತುಬಿಡು."

ಮೇಲಿನ ನ್ಯಾಯಾಲಯದಲ್ಲಿ ವಕೀಲರು ಅವನ ಭಾವಾವೇಶವನ್ನು ಎಷ್ಟು ಆವೇಶದಿಂದ ವರ್ಣಿಸಿದರೆಂದರೆ ಹಿಂದಿನ ಸಾಲಿನಲ್ಲಿ ಕೂತಿದ್ದ ಹೆಂಡತಿಗೇ ಇದು ಬೇರೆ ಯಾರ ಗಂಡನ ವಿಷಯವೋ ಎನಿಸಿತು. ದೊಡ್ಡ ನ್ಯಾಯಾಧೀಶರು ತೂತಿನ ಫೋಟೋವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಆಮೇಲೆ ನೇರವಾಗಿ ಅವನನ್ನೇ ಕೇಳಿದರು.

"ಆಗ ನೀವು ಕೋಪದಲ್ಲಿ ಇದ್ರಾ?"

ವಕೀಲರು ಕಣ್ಣಿನಲ್ಲೇ ಅಳು ಅಳು ಎಂದರು. ಗಾಜಿನಣ್ಣನಿಗೆ ಅಳು ಬರುವಂತೆಯೇ ಇತ್ತು. ಮನೆಗೆ ಹೋಗುವ ಆಸೆಯೂ ಇತ್ತು. ಹೌದು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಫೋಟೋ ಕಣ್ಣಿಗೆ ಬಿತ್ತು. ತನ್ನ ಕೈಯಿಂದ ಅದಕ್ಕಿಂತ ಚೊಕ್ಕ ಕೆಲಸ ಆದದ್ದು ಅವನಿಗೆ ನೆನಪಿರಲಿಲ್ಲ.

"ಕೋಪ ಇದ್ರೆ ಕೈ ನಡುಗುತ್ತೆ ಸ್ವಾಮಿ. ಕೆಲಸ ಶುರು ಮಾಡೋ ಮುಂಚೆ ನೀರು ಕುಡಿದು ಸಮಾಧಾನ ಮಾಡ್ಕೊಂಡೆ" ಎಂದ.

ಅಲ್ಲಿಗೆ ಮುಗಿಯಿತು. ಆರೋಪಿ ಸ್ವಸ್ಥಚಿತ್ತದಿಂದ, ಎಚ್ಚರಿಕೆಯಿಂದ, ಅನ್ಯರಿಗೆ ಗಾಯವಾಗದಂತೆ ಮುತುವರ್ಜಿ ವಹಿಸಿ ಕೃತ್ಯ ಎಸಗಿರುವುದರಿಂದ ತಿದ್ದುಪಡಿಯ ಲಾಭಕ್ಕೆ ಅರ್ಹನಲ್ಲ ಎಂದು ತೀರ್ಪು ಬಂತು. ಕುರ್ಚಿ ಎಸೆದ ಸದಸ್ಯರು ಅದೇ ವಾರ ದಂಡ ಕಟ್ಟಿ, ನಗುತ್ತ ಫೋಟೋಗೆ ನಿಂತರು. ನಗರಸಭೆಯವರು ಗಾಜು ಬದಲಾಯಿಸಿ, ಕಂಡಿಯನ್ನು ಮತ್ತೆ ಸೊಂಟಕ್ಕಿಳಿಸಿದರು.

ಜೈಲಿನ ಭೇಟಿಯ ದಿನ ಹೆಂಡತಿ ಬಂದು ಜಾಲರಿಯ ಆಚೆ ಕೂತಳು.

"ಒಂದು ಸುಳ್ಳು ಹೇಳೋಕಾಗ್ಲಿಲ್ವಾ ನಿಮಗೆ? ನನಗೆ ದಿನಾ ಹೇಳ್ತೀರಲ್ಲ, ಈಗ ಬಂದೆ, ಈಗ ಬಂದೆ ಅಂತ" ಎಂದಳು.

"ಬಾಯಿಗೆ ಬರ್ಲಿಲ್ಲ ಕಣೇ."

"ನಿಮ್ಮಮ್ಮ ಕೇಳಿ ಏನಂದ್ರು ಗೊತ್ತಾ? ನೀರು ಕುಡಿದದ್ದು ಒಳ್ಳೇದಾಯ್ತು ಅಂದ್ರು." ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ನ್ಯಾಯಾಲಯದಲ್ಲಿ ಬೇಕಾಗಿದ್ದ ಭಾವಾವೇಶ ಹೀಗೆ ತಪ್ಪು ವಿಳಾಸಕ್ಕೆ ಬಂದು ತಲುಪಿತು.

ವರ್ಷ ಕಳೆದು ಗಾಜಿನಣ್ಣ ಮನೆಗೆ ಬಂದ. ಮೊದಲ ಕೆಲವು ದಿನ ಅಂಗಡಿಯಲ್ಲಿ ಅವನಿಗೆ ಜಾಗವೇ ಸಿಗಲಿಲ್ಲ. ಬಂದವರೆಲ್ಲ "ಅಕ್ಕ ಇಲ್ವಾ?" ಎಂದು ಕೇಳುತ್ತಿದ್ದರು. ಸಲಕರಣೆಗಳೆಲ್ಲ ಅವಳ ಕೈಗೆ ಸಿಗುವಂತೆ ಜಾಗ ಬದಲಾಯಿಸಿದ್ದವು. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೆಯ ದಿನ ಅವಳು ಗಾಜು ಕೊಯ್ಯುವುದನ್ನು ಬಾಗಿಲಲ್ಲಿ ನಿಂತು ನೋಡಿದ. ತಪ್ಪು ಹುಡುಕಲು ನಿಂತವನಿಗೆ ಏನೂ ಸಿಗಲಿಲ್ಲ. ಹೋಗಿ ಗಾಜಿನ ಹಲಗೆಯ ಇನ್ನೊಂದು ತುದಿ ಹಿಡಿದುಕೊಂಡ.

ಶಾಸನಸಭೆಯ ಗ್ಯಾಲರಿ ಅಲ್ಲಿಯವರೆಗೂ ಒಡೆದೇ ಬಿದ್ದಿತ್ತು. ಕೆಲಸ ಹಿಡಿದಿದ್ದ ದೊಡ್ಡ ಗುತ್ತಿಗೆದಾರ ಅದನ್ನು ಇನ್ನೊಬ್ಬನಿಗೆ ಕೊಟ್ಟ, ಅವನು ಮತ್ತೊಬ್ಬನಿಗೆ ಕೊಟ್ಟ, ಕೊನೆಗೆ ನಿಜವಾಗಿ ಗಾಜು ಕೂರಿಸಬಲ್ಲವರು ಬೇಕಾದಾಗ ಅದು ಅಕ್ಕನ ಅಂಗಡಿಗೆ ಬಂತು. ಗಂಡ ಹೆಂಡತಿ ಕೈಗಾಡಿ ತಳ್ಳಿಕೊಂಡು ಹೋದರು. ಗೇಟಿನಲ್ಲಿ ಕಾವಲಿನವನು ಗುರುತಿನ ಚೀಟಿ ನೋಡಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, ಗಾಜಿನಣ್ಣನ ಎದೆಯ ಮುಂದೆ ಕೈ ಅಡ್ಡ ಹಿಡಿದ.

"ಜೈಲು ಶಿಕ್ಷೆ ಆದೋರನ್ನ ಒಳಗೆ ಬಿಡೋ ಹಾಗಿಲ್ಲ. ಇದೂ ಹೊಸ ನಿಯಮ."

"ಒಳಗೆ ಗಾಜು ಒಡೆದೋರು ಕೂತಿದಾರಲ್ಲಣ್ಣ?"

"ಅವರು ಜೈಲಿಗೆ ಹೋಗಿಲ್ವಲ್ಲಪ್ಪ" ಎಂದ ಕಾವಲಿನವನು, ಅವನಿಗೇ ಪಾಪವೆನಿಸಿ.

ಹೆಂಡತಿ ಸೆರಗು ಬಿಗಿದುಕೊಂಡು ಗುತ್ತಿಗೆದಾರನ ಆಳುಗಳ ಜೊತೆ ಒಳಗೆ ಹೋದಳು. ಗಾಜಿನಣ್ಣ ಗಾಡಿಯ ಪಕ್ಕ ಪಾದಚಾರಿ ಹಾದಿಯ ಅಂಚಿನಲ್ಲಿ ಕೂತ. ಕಾರುಗಳು ಒಳಗೆ ಹೋದವು, ಹೊರಗೆ ಬಂದವು. ಕಾವಲಿನವನು ತನ್ನ ಮನೆಯ ಬಚ್ಚಲಿನ ಕಿಟಕಿ ಬಿರುಕು ಬಿಟ್ಟಿದೆಯೆಂದು ಸಲಹೆ ಕೇಳಿದ, ಇವನು ಹೇಳಿದ.

ಬಿಸಿಲಿಳಿಯುವ ಹೊತ್ತಿಗೆ ಅವಳು ಹೊರಗೆ ಬಂದಳು. ಹುಬ್ಬಿನ ಮೇಲೆ ಬಿಳಿ ಧೂಳು, ಹೆಬ್ಬೆರಳಲ್ಲಿ ಸಣ್ಣದೊಂದು ಗಾಯ. ಅವನು ಕರವಸ್ತ್ರ ಹರಿದು ಸುತ್ತಿದ.

"ಹೆಂಗೆ ಬಂತು?" ಎಂದ.

"ಚೆನ್ನಾಗಿ ಬಂತು. ಗಾಜು ಮಾತ್ರ ತೀರಾ ತೆಳ್ಳಗಿದೆ ರೀ. ಗಟ್ಟಿಯದು ಹಾಕಿ ಅಂದ್ರೆ ಆ ಗುತ್ತಿಗೆದಾರ ನಗ್ತಾನೆ. ಮುಂದಿನ ಅಧಿವೇಶನದ ತನಕ ಬಂದ್ರೆ ಸಾಕು ಬಿಡಮ್ಮ ಅಂತಾನೆ."

ಗಾಡಿಯ ಒಂದು ಹಿಡಿ ಅವನು ಹಿಡಿದ, ಇನ್ನೊಂದು ಅವಳು ಹಿಡಿದಳು. ಅಮ್ಮ ಒಬ್ಬಳೇ ಅಂಗಡಿಯಲ್ಲಿ ಕೂತು ಗಿರಾಕಿಗಳನ್ನು ಬೈದು ಓಡಿಸುವ ಮುಂಚೆ ಮನೆ ಸೇರಬೇಕಿತ್ತು.