ಖುದ್ದಾಗಿ ಬಂದು ಕೇಳಲಿ

ಸ್ತಮಾತಿಸ್ ಮುದುಕನಿಗೆ ಮೆಲ್ಬರ್ನಿನ ಫುಟ್‌ಸ್ಕ್ರೇಯಲ್ಲಿ ಇದ್ದದ್ದು ಒಂದೇ ಒಂದು ಅಂಗಡಿ. ಗ್ರೀಸಿನಿಂದ ಬಂದ ಹೊಸತರಲ್ಲಿ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತ ದುಡ್ಡಿನಲ್ಲಿ ಕೊಂಡದ್ದು. ಅದರಲ್ಲಿ ಬಾಡಿಗೆಗಿದ್ದವನು ಬೇಕರಿಯ ಬಾವ್, ವಿಯೆಟ್ನಾಮಿನವನು. ಹೊಗೆ ಕೊಳವೆ ಇಡಬೇಕಿರಲಿ, ಬೋರ್ಡು ಬದಲಿಸಬೇಕಿರಲಿ, ಬಿಸಿ ಬ್ರೆಡ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು ಮುದುಕನ ಜಗಲಿಗೆ ಬಂದು ನಿಂತು ಕೇಳುತ್ತಿದ್ದ. ಮುದುಕ ಕಾಫಿ ಹೀರುತ್ತ ಒಂದಿಷ್ಟು ಸತಾಯಿಸಿ, ಆಮೇಲೆ ಹೂಂ ಅನ್ನುತ್ತಿದ್ದ. ಹಾಗೆ ಸತಾಯಿಸುವುದರಲ್ಲಿ ಅವನಿಗೊಂದು ಸುಖ, ಸುಳ್ಳೇಕೆ!

ಈ ಸಲ ಬಾವ್ ಬರಲಿಲ್ಲ, ವಕೀಲರ ಕಾಗದ ಬಂತು. ಹಿಟ್ಟಿನ ಧೂಳಿಗೆ ಬಾವ್‌ನ ಎದೆ ಕೆಟ್ಟಿದೆ, ಬೇಕರಿ ಕೊಳ್ಳಲು ಒಬ್ಬಾಕೆ ಸಿಕ್ಕಿದ್ದಾಳೆ, ಬಾಡಿಗೆ ಕರಾರನ್ನು ಆಕೆಯ ಹೆಸರಿಗೆ ಮಾಡಲು ಮಾಲೀಕರ ಒಪ್ಪಿಗೆ ಬೇಕು ಎಂದು.

"ನನ್ ಮೇಲೇ ವಕೀಲನ್ನ ಛೂ ಬಿಡ್ತಾನಾ? ಕಾಲು ಬಿದ್ದುಹೋಗಿತ್ತಾ ಅವನಿಗೆ?" ಮುದುಕ ಉರಿದೆದ್ದ.

"ಸಹಿ ಹಾಕಪ್ಪಾ. ಪಾಪ, ಕೆಮ್ಮಿ ಕೆಮ್ಮಿ ಸಾಯ್ತಿದಾನೆ," ಅಂದಳು ಮಗಳು ಪೆಲಾಗಿಯಾ.

"ಖುದ್ದಾಗಿ ಬಂದು ಕೇಳ್ಲಿ, ಹಾಕ್ತೀನಿ."

ವಕೀಲರು ಫೋನ್ ಮಾಡಿದರೆ ಎತ್ತಲಿಲ್ಲ. ಇಂಥ ಮಾಲೀಕನ ಸಹವಾಸವೇ ಬೇಡವೆಂದು ಆ ಹೆಂಗಸು ಪಕ್ಕದ ಬೀದಿಯಲ್ಲಿ ಬೇರೆ ಅಂಗಡಿ ಹಿಡಿದಳು. ಸುದ್ದಿ ಕೇಳಿ ಮುದುಕನಿಗೆ ಒಳಗೊಳಗೇ ಕಸಿವಿಸಿಯಾಯಿತು. ಕಾಗದಕ್ಕೆ ಸಹಿ ಹಾಕಿಕೊಂಡು, ಬುದ್ಧಿ ಹೇಳುವವನ ಮುಖ ಮಾಡಿಕೊಂಡೇ ಬೇಕರಿಗೆ ಹೋದ.

ಬಾವ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಿಟ್ಟು ನಾದುತ್ತಿದ್ದ. ಒಂದಿಷ್ಟು ನಾದುವುದು, ಗೋಡೆಗೆ ಒರಗಿ ಏದುಸಿರು ಬಿಡುವುದು.

"ಒಂದ್ಮಾತು ನೀನೇ ಬಂದು ಕೇಳಿದ್ರೆ ಆಗ್ತಿರ್ಲಿಲ್ವಾ?" ಎಂದ ಮುದುಕ.

ಬಾವ್ ಬೆಪ್ಪಾಗಿ ನೋಡಿದ. "ನೀವೇ ಹೇಳಿದ್ರಲ್ಲ ಯಜಮಾನ್ರೇ, ಬೋರ್ಡಿನ ವಿಷಯಕ್ಕೆ ಬಂದಾಗ? 'ಬ್ರೆಡ್ ಹಿಡ್ಕೊಂಡು ಬರೋಕೆ ಇದೇನು ಸಂತೇನಾ? ಇನ್ಮೇಲೆ ವಕೀಲರ ಕೈಲಿ ಬರೆಸಿ ಕಳ್ಸು' ಅಂತ. ಎಲ್ರೂ ನಕ್ರು. ಅದಕ್ಕೇ ಈ ಸಲ ಸರಿಯಾಗಿ ಮಾಡೋಣ ಅಂತ..."

ಹೌದು, ಅಂದಿದ್ದ. ಅವತ್ತು ಮನೆಯಲ್ಲಿ ಹಬ್ಬ, ಜಗಲಿಯ ತುಂಬ ನೆಂಟರು. ಅವರೆದುರು ದೊಡ್ಡಸ್ತಿಕೆ ತೋರಿಸಲು ಆಡಿದ ಮಾತು, ಆಡಿ ಮರೆತೂಬಿಟ್ಟಿದ್ದ. ಮುದುಕನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸಹಿ ಹಾಕಿದ ಕಾಗದವನ್ನು ಜೇಬಿನಿಂದ ಹೊರತೆಗೆಯಲೂ ಇಲ್ಲ.

"ಇನ್ನೊಂದು ಒಪ್ಪಿಗೆ ಬೇಕಿತ್ತು," ಎಂದ ಬಾವ್. "ಇಲ್ಲೊಂದು ಬೆಂಚು ನೆಲಕ್ಕೆ ಬಿಗಿಸ್ಕೊಳ್ಲಾ? ನಿಂತ್ಕೊಂಡು ನಾದೋಕೆ ಆಗ್ತಿಲ್ಲ."

ಆ ದನಿಯಲ್ಲಿ ಕುಹಕವಿರಲಿಲ್ಲ, ಹೆದರಿಕೆಯಿತ್ತು.

"ಬರೆಸಿ ಕಳಿಸ್ಲಾ, ಮನೆಗೇ ಬರ್ಲಾ? ಯಾವ್ದು ಅಂತ ಹೇಳ್ಬಿಡಿ ಯಜಮಾನ್ರೇ."