ದಕ್ಷಿಣದ ಗೋಡೆಯ ಸಂಡಿಗೆ

ಗೆಳೆಯರೇ, ಇವತ್ತು ನಮ್ಮ ಕ್ರೇಗಿಬರ್ನ್ ಮನೆಗೆ ಕೌನ್ಸಿಲ್‌ನ ಹುಡುಗಿಯೊಬ್ಬಳು ಬಂದಿದ್ದಳು. ಸಬರ್ಬಿನ ಯಾವ ಚಾವಣಿಯಿಂದ ಎಷ್ಟು ಸೋಲಾರ್ ಕರೆಂಟ್ ಸಿಗಬಹುದೆಂದು ನೋಡುವುದು ಅವಳ ಕೆಲಸ.

ಅವಳು ಉತ್ತರದ ಚಾವಣಿಯನ್ನು ಗುರುತು ಮಾಡಿಕೊಂಡದ್ದೇ ತಡ, ಹುಬ್ಬಳ್ಳಿಯಿಂದ ಬಂದಿರುವ ನಮ್ಮ ಮಾವ, ರಿಟೈರ್ಡ್ ವಿದ್ಯುತ್ ಇಂಜಿನಿಯರ್, ಎದ್ದು ನಿಂತರು.

"ನೋ ನೋ! ಸೌತ್! ಐ ಆಮ್ ಇಂಜಿನಿಯರ್!"

ಭಾರತದಲ್ಲಿ ಬಿಸಿಲು ದಕ್ಷಿಣದಿಂದ ಬಿದ್ದರೆ ಆಸ್ಟ್ರೇಲಿಯಾದಲ್ಲಿ ಉತ್ತರದಿಂದ ಬೀಳುತ್ತದೆಂದು ಅವಳು ನಗುತ್ತಲೇ ವಿವರಿಸಿದಳು. ನಾನು ಅದನ್ನೇ ಕನ್ನಡದಲ್ಲಿ ಹೇಳಿದೆ. ಅದು ಕಿವಿಗೆ ಬಿದ್ದು ಅಡುಗೆಮನೆಯಿಂದ ಅತ್ತೆ ಹೊರಬಂದರು.

"ಹಂಗಾದ್ರ ಇಷ್ಟ ದಿನ ನನ್ನ ಸಂಡಗಿ ದಕ್ಷಿಣದ ಗ್ವಾಡಿ ಬಾಜೂಕ ಇಡಸಿ, 'ಬಿಸಲು ಬರ್ತದ, ತಡಿ' ಅಂತಿದ್ರಲ್ರೀ!"

ನಗರದ ಸೌರಶಕ್ತಿ ಯಾವಾಗ ಬಳಕೆಗೆ ಬರುತ್ತದೋ ಗೊತ್ತಿಲ್ಲ. ನಮ್ಮ ಇಂಜಿನಿಯರ್ ಸಾಹೇಬರು ಮಾತ್ರ ಮಧ್ಯಾಹ್ನವೇ ಸಂಡಿಗೆ ತಟ್ಟೆಗಳನ್ನು ಉತ್ತರಕ್ಕೆ ಹೊತ್ತು ಸಾಗಿಸಿದರು.