ಬೈಕ್ ಬಿದ್ದಾಗ ಬೈಯುವ ದನಿ

ಲಾಕ್‌ಡೌನ್ ಸಡಿಲವಾಗುತ್ತಿದ್ದ ದಿನಗಳವು. ಮೈಸೂರಿನಿಂದ ತಂದಿದ್ದ ಹಾರ್ಡ್ ಡಿಸ್ಕಿನಲ್ಲಿ ಹಳೆಯ ಬೈಕ್ ರೇಸ್ ಗೇಮ್ ಸಿಕ್ಕಿತೆಂದು ಕಡಲಾಚೆಯ ಸೆರಿಟೋಸ್‌ನ ನಮ್ಮ ಮನೆಯ ಕಂಪ್ಯೂಟರಿಗೆ ಹಾಕಿದೆ. ಎಂಜಿನ್ ಸದ್ದು ಚೆನ್ನಾಗಿಯೇ ಬರುತ್ತಿತ್ತು. ಬೈಕ್ ಬಿದ್ದೊಡನೆ ಮಾತ್ರ ಸ್ಪೀಕರ್ ಗೊರಗೊರ ಎಂದು ಇಡೀ ಗೇಮೇ ಕ್ರ್ಯಾಶ್ ಆಗುತ್ತಿತ್ತು. ಸೌಂಡ್ ಡ್ರೈವರ್ ಬದಲಿಸಿದೆ, ಗೇಮನ್ನು ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದೆ, ಕಂಪ್ಯೂಟರಿಗೆ ಬಾಯಿಗೆ ಬಂದಂತೆ ಬೈದೆ. ಯಾವ ಮದ್ದೂ ನಾಟಲಿಲ್ಲ.

ಕೊನೆಗೆ ಮಗಳು ಫೋಲ್ಡರ್ ತೆರೆದು ನೋಡಿದಳು. ಬೀಳುವ ಸದ್ದಿನ ಫೈಲೊಂದೇ ಉಳಿದವಕ್ಕಿಂತ ಹತ್ತು ಪಟ್ಟು ದೊಡ್ಡದಿತ್ತು.

"ಜಸ್ಟ್ ಡಿಲೀಟ್ ಇಟ್, ಅಮ್ಮ."

"ಮುಟ್ಟಿದ್ರೆ ನೋಡು!" ಎಂದು ರೇಗಿದೆ. ನನಗಾಗಲೇ ನೆನಪಾಗಿತ್ತು. ಕಾಲೇಜಿನ ದಿನಗಳಲ್ಲಿ ನಾನೂ ಅಕ್ಕನೂ ಗೇಮಿನ ಆ ಸದ್ದನ್ನು ತೆಗೆದು, ಅಕ್ಕನ ದನಿಯನ್ನು ರೆಕಾರ್ಡ್ ಮಾಡಿ ಅಲ್ಲಿ ತುರುಕಿದ್ದೆವು. ಹಳೆಯ ಕಂಪ್ಯೂಟರ್ ಅದನ್ನು ಹೇಗೋ ಸಹಿಸಿಕೊಂಡಿತ್ತು, ಹೊಸದಕ್ಕೆ ಆಗಲಿಲ್ಲ.

ಆ ಫೈಲನ್ನು ಉಳಿದವುಗಳ ಅಳತೆಗೆ ಇಳಿಸಿ, ಬೈಕನ್ನು ಬೇಕೆಂದೇ ಗೋಡೆಗೆ ಗುದ್ದಿದೆ.

"ಕಣ್ಣು ಎಲ್ಲಿಟ್ಕೊಂಡಿದ್ದೀಯೇ, ಕತ್ತೆ!" ಎಂದು ಇಪ್ಪತ್ತರ ಹರೆಯದ ಅಕ್ಕ ಕಿರುಚಿದಳು. ಗೇಮ್ ನಿಲ್ಲಲಿಲ್ಲ. ಮಗಳು ಬಿದ್ದು ಬಿದ್ದು ನಕ್ಕು, ಇನ್ನೂ ನಾಲ್ಕು ಸಲ ಬೈಕ್ ಬೀಳಿಸಿದಳು.

ಎರಡು ಗಂಟೆ ದಾರಿಯ ಸ್ಯಾನ್ ಡಿಯಾಗೋದಲ್ಲಿರುವ ಅಕ್ಕನನ್ನು ನೋಡಿ ವರ್ಷದ ಮೇಲಾಗಿತ್ತು. ಅವಳಿಗೆ ಫೋನ್ ಮಾಡಿ, ಸ್ಪೀಕರಿನ ಹತ್ತಿರ ಹಿಡಿದು ಬೈಕ್ ಬೀಳಿಸಿದೆ.

"ಯಾರೇ ಅದು, ಆ ಪಾಟಿ ಬೈತಿರೋದು?"

"ನೀನೇ."

ಇನ್ನೊಂದು ಸಲ ಬೀಳಿಸಲು ಹೇಳಿ, ಕೇಳಿಸಿಕೊಂಡು ನಕ್ಕಳು.

"ಶನಿವಾರ ಡ್ರೈವ್ ಮಾಡ್ಕೊಂಡು ಬರ್ತೀನಿ," ಎಂದಳು. "ಗೆದ್ದಾಗ ಬೈಯೋಕೂ ಒಂದು ರೆಕಾರ್ಡ್ ಮಾಡ್ಬೇಕಲ್ಲ."